ಗಡಸು ನೀರಿನಲ್ಲಿ ನೊರೆಯೇ ಏಳುತ್ತಿಲ್ಲ, ನೀವು ಏನು ಮಾಡಿದಿರಿ?

ಬಾಡಿಗೆ ಮನೆಯವಳು:
ಹೊಸ ಮನೆಗೆ ಬಂದು ಎರಡು ತಿಂಗಳಾಯಿತು. ಕೊಳವೆಬಾವಿಯ ನೀರು. ಪರೀಕ್ಷೆ ಮಾಡಿಸಿದಾಗ ಗಡಸುತನ ಲೀಟರಿಗೆ 420 ಮಿಲಿಗ್ರಾಂ ಎಂದು ಬಂತು. ಸೋಪು ಎಷ್ಟು ಉಜ್ಜಿದರೂ ನೊರೆಯಿಲ್ಲ, ಶಾಂಪೂ ಎರಡು ಸಲ ಹಾಕಬೇಕು, ಕೂದಲು ಒಣಗಿದರೆ ನಾರಿನಂತಾಗುತ್ತದೆ. ಬಾಡಿಗೆ ಮನೆಯಾದ್ದರಿಂದ ಪೈಪು ಕತ್ತರಿಸುವಂತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉಪ್ಪಿನ ಮೂಟೆ:
ನೀರಿನ ಗಡಸು ತೆಗೆಯುವ ಯಂತ್ರ, ಸಾಫ್ಟನರ್ ಹಾಕಿಸಿ, ಬೇರೆ ದಾರಿಯಿಲ್ಲ. ನನ್ನದರಲ್ಲಿ 25 ಲೀಟರ್ ರೆಸಿನ್, ಅಂದರೆ ಗಡಸು ಹಿಡಿಯುವ ಸಣ್ಣ ಮಣಿಗಳು. ಮೂರು ದಿನಕ್ಕೊಮ್ಮೆ ಮೂರು ಕಿಲೋ ಉಪ್ಪಿನ ನೀರು ಹಾಯಿಸಿ ತೊಳೆಯುತ್ತೇನೆ, ನಾಲ್ಕು ವರ್ಷದಿಂದ ಒಂದು ಸಲವೂ ತಪ್ಪಿಸಿಲ್ಲ. ಇಲ್ಲಿಗೆ ಬರುವ ಮೊದಲು ಪಟ್ಟ ಪಾಡು ಕೇಳಿ. ಹಾಕಿಸಿದ ದಿನ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದೆ, ಅಂಕಿ ಇಳಿಯಲೇ ಇಲ್ಲ. ಮೋಸವಾಯಿತೆಂದು ಮೂರು ವಾರ ಜಗಳವಾಡಿದೆ. ರೆಸಿನ್ ಗಡಸಿಗೆ ಕಾರಣವಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ, ಕರಗಿದ ಲವಣದ ಒಟ್ಟು ಮೊತ್ತ ಹೆಚ್ಚು ಕಡಿಮೆ ಅಷ್ಟೇ ಉಳಿಯುತ್ತದೆ ಎಂಬುದು ಆಮೇಲೆ ತಿಳಿಯಿತು. ನಾಲ್ಕನೇ ತಿಂಗಳಿಗೆ ನೊರೆ ಮತ್ತೆ ನಿಂತಿತು. ಮುಚ್ಚಳ ತೆಗೆದರೆ ರೆಸಿನ್ ಪೂರ್ತಿ ತುಕ್ಕಿನ ಬಣ್ಣ: ನೀರಿನಲ್ಲಿ ಕಬ್ಬಿಣವಿತ್ತು, ಯಾರೂ ಹೇಳಿರಲಿಲ್ಲ. ಅಷ್ಟೂ ರೆಸಿನ್ ಎಸೆದು ಹೊಸದು ತುಂಬಿಸಿ, ಮುಂದೆ ಕಬ್ಬಿಣದ ಫಿಲ್ಟರ್ ಇರಿಸಿದೆ. ಈಗ ಗೋಲಿಯಷ್ಟು ಶಾಂಪೂ ಸಾಕು.

ಮೂರು ಫಿಲ್ಟರ್:
ಶವರಿಗೆ ತಿರುಗಿಸಿ ಕೂರಿಸುವ ಫಿಲ್ಟರನ್ನು ಮಾತ್ರ ಕೊಳ್ಳಬೇಡಿ. ಒಂದಾದ ಮೇಲೊಂದರಂತೆ ಮೂರು ಕೊಂಡೆ. ಮೊದಲನೆಯದು ಆರು ವಾರ, ಎರಡನೆಯದು ಎರಡು ತಿಂಗಳು. ಮೂರನೆಯದನ್ನು ಹಾಕಿದ ದಿನವೇ ಹನಿ ಹಾಕಿ ಬಣ್ಣ ನೋಡುವ ಕಿಟ್‌ನಿಂದ ಪರೀಕ್ಷಿಸಿದೆ. ಫಿಲ್ಟರಿಗೆ ಮೊದಲಿನ ನೀರು ಕೆಂಪಿನಿಂದ ನೀಲಿಗೆ ತಿರುಗಲು 18 ಹನಿ, ಫಿಲ್ಟರಿನಿಂದ ಬಂದ ನೀರಿಗೂ 18 ಹನಿ. ಅದರೊಳಗಿನ ಇದ್ದಿಲು ಕ್ಲೋರಿನ್ ಹಿಡಿಯುತ್ತದೆ, ಕರಗಿದ ಕ್ಯಾಲ್ಸಿಯಂ ಹಾಗೆಯೇ ದಾಟಿ ಬರುತ್ತದೆ. ಡಬ್ಬಿಯ ಮೇಲೆ ‘ಗಡಸು ನೀರಿಗೆ’ ಎಂದು ದೊಡ್ಡದಾಗಿ ಬರೆದಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬಕೆಟ್ ಲೆಕ್ಕ:
ನಾನು ಯಾವ ಯಂತ್ರವನ್ನೂ ಹಾಕಿಸದೆ ಗೆದ್ದಿದ್ದೇನೆ. ನನ್ನ ನೀರಿನ ಗಡಸು ಲೀಟರಿಗೆ 300 ಮಿಲಿಗ್ರಾಂ. ಅಂದರೆ 20 ಲೀಟರ್ ಬಕೆಟ್‌ನಲ್ಲಿ 6 ಗ್ರಾಂ ಗಡಸು. ಅಷ್ಟನ್ನು ತೀರಿಸಲು ಹತ್ತಿರ ಹತ್ತಿರ 36 ಗ್ರಾಂ ಸೋಪು ಬಿಳಿ ಗಷ್ಟಾಗಿ ಹಾಳಾಗಬೇಕು, ನೊರೆ ಏನಿದ್ದರೂ ಅದರ ನಂತರ! ಬಕೆಟ್‌ನಲ್ಲಿ ಸೋಪು ಕರಗಿಸಿ ಬಟ್ಟೆ ನೆನೆಸುತ್ತಿದ್ದ ನಾನು ಎರಡು ವರ್ಷ ಎಷ್ಟು ಬಿಲ್ಲೆ ಚರಂಡಿಗೆ ಸುರಿದೆನೋ. ಈಗ ಮೊದಲು ವಾಷಿಂಗ್ ಸೋಡಾ ಹಾಕುತ್ತೇನೆ, ಗಡಸು ತಳಕ್ಕೆ ಇಳಿಯುತ್ತದೆ. ಮೈಗೆ ಸೋಪು ಬಿಟ್ಟು ಬಾಡಿ ವಾಷ್. ಅದರಲ್ಲಿರುವುದು ಸೋಪಲ್ಲ, ಶಾಂಪೂವಿನಲ್ಲಿರುವಂಥ ಡಿಟರ್ಜೆಂಟ್. ನೊರೆ ತಗ್ಗಬಹುದು, ಗಷ್ಟು ಕಟ್ಟುವುದಿಲ್ಲ. ಸೋಪೇ ಬೇಕೆಂದರೆ ತೆಂಗಿನ ಎಣ್ಣೆಯದು, ಸಮುದ್ರದ ನೀರಿನಲ್ಲೂ ನೊರೆ ಕೊಡುವ ಜಾತಿ ಅದು.
ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಸ್ನಾನದ ನೀರಿಗೇ ವಿನೆಗರ್ ಸುರಿದು ಸೋಪು ಹಚ್ಚಿದೆ. ಆಮ್ಲಕ್ಕೆ ಸೋಪು ಒಡೆದು ಜಿಡ್ಡಿನ ಮುದ್ದೆಯಾಗಿ ಮೈಗೆಲ್ಲ ಅಂಟಿತು. ಎಲ್ಲ ತೊಳೆದಾದ ಮೇಲೆ ಕೊನೆಯ ಒಂದು ಮಗ್ ನೀರಿಗೆ ಒಂದು ಚಮಚ, ಅಷ್ಟೇ.

ಉಪ್ಪಿನ ಮೂಟೆ:
ಇದನ್ನು ಗೆಲುವು ಎನ್ನುತ್ತೀರಾ? ನಿಮ್ಮ ಗೀಸರಿನ ಕಾಯಿಲ್ ಬಿಚ್ಚಿ ನೋಡಿ, ಸುಣ್ಣದ ಪದರ ಎಷ್ಟು ದಪ್ಪ ಕೂತಿದೆ ಎಂದು ಹೇಳಿ. ಬಾಡಿ ವಾಷ್ ಅದನ್ನು ಕರಗಿಸುತ್ತದೆಯೇ?

ಬಕೆಟ್ ಲೆಕ್ಕ:
ಗೀಸರಿನ ಮಾತು ಯಾರು ಕೇಳಿದರು? ಅವರು ಕೇಳಿದ್ದು ನೊರೆ. ವಾರಕ್ಕೆ ಆರು ಏಳು ಕಿಲೋ ಉಪ್ಪು ನೆಲಕ್ಕೆ ಬಿಡುವವರು ನನಗೆ ಬುದ್ಧಿ ಹೇಳುವುದು ಬೇಡ. ನಮ್ಮ ಪಕ್ಕದ ಮನೆಯ ಸಾಫ್ಟನರ್ ತೊಳೆದ ನೀರು ಹರಿದು ನಮ್ಮ ಬೇಲಿಯ ಗಿಡಗಳು ಸಾಲಾಗಿ ಸುಟ್ಟಿವೆ. ಅವರ ಮನೆಯಲ್ಲಿ ಕೈ ತೊಳೆದರೆ ಸೋಪಿನ ಜಾರು ಹೋಗುವುದೇ ಇಲ್ಲ.

ಉಪ್ಪಿನ ಮೂಟೆ:
ಅದು ಸೋಪು ಉಳಿದದ್ದಲ್ಲ. ಗಡಸು ನೀರಿನಲ್ಲಿ ತೊಳೆದಾಗ ನಿಮಗೆ ಇಷ್ಟು ವರ್ಷ ‘ಸ್ವಚ್ಛ’ ಅನ್ನಿಸಿದ ಚರ್ಮದ ಬಿಗಿತವೇ ಚರ್ಮದ ಮೇಲೆ ಕೂತ ಗಷ್ಟು, ಸ್ವಾಮಿ. ಗಿಡದ ನಲ್ಲಿಯನ್ನು ನಾನು ಸಾಫ್ಟನರಿಗೆ ಮೊದಲೇ ಬೇರೆ ಮಾಡಿಸಿದ್ದೇನೆ, ತೊಳೆದ ನೀರು ಒಳಚರಂಡಿಗೆ ಹೋಗುತ್ತದೆ. ನಿಮ್ಮ ಪಕ್ಕದವರ ತಪ್ಪನ್ನು ನನ್ನ ತಲೆಗೆ ಕಟ್ಟಬೇಡಿ.

ಬಾಡಿಗೆ ಮನೆಯವಳು:
ನನ್ನದು ಬಾಡಿಗೆ ಮನೆ, ಸಾಫ್ಟನರ್ ಸಾಧ್ಯವಿಲ್ಲ. ನೀರು ಕುದಿಸಿದರೆ ಹೇಗೆ?

ಆರು ತಿಂಗಳು ಕುದಿಸಿದವಳು:
ಮಗುವಿನ ಕೂದಲಿಗೆಂದು ಆರು ತಿಂಗಳು ದಿನಾ ಎರಡು ಪಾತ್ರೆ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿದ್ದೇನೆ. ಬೆಳಗಿನ ಒಂದು ಗಂಟೆ ಅದಕ್ಕೇ ಹೋಗುತ್ತಿತ್ತು. ತಳದಲ್ಲಿ ಬಿಳಿ ಪುಡಿ ಕಂಡಾಗ ಎಲ್ಲ ಬಂದುಬಿಟ್ಟಿತೆಂದು ಹಿಗ್ಗಿದೆ. ನೊರೆ ಅರ್ಧವೂ ಹೆಚ್ಚಲಿಲ್ಲ. ಕುದಿಸಿದರೆ ಇಳಿಯುವುದು ಬೈಕಾರ್ಬನೇಟಿನ ತಾತ್ಕಾಲಿಕ ಗಡಸು ಮಾತ್ರ. ನಮ್ಮ ನೀರಿನಲ್ಲಿ ಸಲ್ಫೇಟೇ ಹೆಚ್ಚು, ಅದು ಕುದಿಸಿದರೂ ಜಗ್ಗುವುದಿಲ್ಲ. ಈಗ ಕೊನೆಯ ಎರಡು ಮಗ್ಗಿಗೆ ಮಳೆನೀರು ಹಿಡಿದಿಡುತ್ತೇನೆ, ವಾರಕ್ಕೊಮ್ಮೆ ಕ್ಯಾಲ್ಸಿಯಂ ಹಿಡಿದು ತೆಗೆಯುವ ಇಡಿಟಿಎ ಇರುವ ಶಾಂಪೂ. ಕೂದಲಿನ ನಾರು ಹೋಯಿತು.

ಮೂರು ಫಿಲ್ಟರ್:
ಆರು ತಿಂಗಳು ಕುದಿಸುವ ಮೊದಲು ಎರಡು ಬಾಟಲಿಯಲ್ಲಿ ಪ್ರಯತ್ನಿಸಿ ನೋಡಬಹುದಿತ್ತಲ್ಲವೇ ಅಮ್ಮ? ಕುದಿಸಿ ಸೋಸಿದ್ದು ಒಂದರಲ್ಲಿ, ಹಸಿ ನೀರು ಇನ್ನೊಂದರಲ್ಲಿ. ಎರಡಕ್ಕೂ ಸಮನಾಗಿ ಸೋಪಿನ ದ್ರಾವಣ ಹಾಕಿ ಕುಲುಕಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಆರು ತಿಂಗಳು ಕುದಿಸಿದವಳು:
ಮೂರು ಫಿಲ್ಟರ್ ಕೊಂಡ ಮೇಲೆ ಕಿಟ್ ತಂದವರು ನೀವು. ನನಗೆ ಹೇಳಬೇಡಿ.