‘ಕಂಟ್ರಿ ಹೌಸ್’ ಮತ್ತು ಮುಚ್ಚಿದ ಬಾಗಿಲು: ಕನ್ನಡದಲ್ಲಿ ಏನೆನ್ನೋಣ?

ಸ್ಕಾಟ್ಲೆಂಡಿನ ಟ್ರಕ್ವೇರ್ ಮನೆಯ ಚರಿತ್ರೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳು ಕೈಗೆ ಸಿಗುತ್ತಿಲ್ಲ.

ಒಂದು, ‘ಕಂಟ್ರಿ ಹೌಸ್’. ‘ಹಳ್ಳಿಮನೆ’ ಎಂದರೆ ಹೆಂಚಿನ ಮಾಡು, ದನದ ಕೊಟ್ಟಿಗೆ ಕಣ್ಣಿಗೆ ಕಟ್ಟುತ್ತವೆ. ಟ್ರಕ್ವೇರ್ ಟ್ವೀಡ್ ನದಿಯ ಬಳಿಯಿರುವ, ದಪ್ಪ ಗೋಡೆಗಳ, ಹಲವು ಅಂತಸ್ತಿನ ಬಿಳಿಯ ಮನೆ. ಮೊದಲು ದೊರೆಗಳು ಬೇಟೆಗೆ ಬಂದಾಗ ತಂಗುತ್ತಿದ್ದ ಜಾಗ. 1491ರಲ್ಲಿ ಜೇಮ್ಸ್ ಸ್ಟುವರ್ಟ್ ಅದರ ಮೊದಲ ‘ಲೇರ್ಡ್’, ಅಂದರೆ ಭೂಮಿಯ ಒಡೆಯ, ಆದ. 1566ರಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯೂ ಬಂದು ಉಳಿದಿದ್ದಳು. ಆದರೂ ‘ಅರಮನೆ’ ಎನ್ನಲು ಮನಸ್ಸು ಬಾರದು, ಮನೆಯೊಡೆಯರು ಅರಸರಲ್ಲ. ‘ಬಂಗಲೆ’ ಎಂದರೆ ಕಾಫಿ ತೋಟದ ಸಾಹೇಬರೇ ನೆನಪಾಗುತ್ತಾರೆ. ಉತ್ತರ ಕರ್ನಾಟಕದ ‘ವಾಡೆ’ ಹತ್ತಿರ ಬರುತ್ತದೆ. ನನ್ನ ಒಲವು ಮಾತ್ರ ತುಳುನಾಡಿನ ‘ಗುತ್ತಿನ ಮನೆ’ಯ ಕಡೆಗೆ. ಅಲ್ಲಿ ಮನೆ, ಭೂಮಿ, ಊರಿನ ಮರ್ಯಾದೆ ಮೂರೂ ಒಂದೇ ಹೆಸರಿನಲ್ಲಿ ಸೇರಿವೆ. ಸ್ಕಾಟರೂ ಲೇರ್ಡನನ್ನು ಅವನ ಭೂಮಿಯ ಹೆಸರಿನಿಂದಲೇ ಕರೆಯುತ್ತಿದ್ದರು. ಆದರೆ ಗುತ್ತು ಎಂದೊಡನೆ ದೈವ, ನೇಮಗಳೂ ಜೊತೆಗೆ ಬರುತ್ತವಲ್ಲ. ಕ್ಯಾಥೊಲಿಕ್ ಪಾದ್ರಿಗಾಗಿ ಗುಪ್ತ ಮೆಟ್ಟಿಲು ಇಟ್ಟುಕೊಂಡಿದ್ದ ಮನೆಗೆ ಅದು ಒಪ್ಪೀತೇ?

ಎರಡನೆಯದು ಇನ್ನೂ ಕಷ್ಟದ್ದು. ಮನೆಯಿಂದ ದೂರದಲ್ಲಿ, ಮರಗಳ ಸಾಲಿನ ತುದಿಯಲ್ಲಿ ಒಂದು ಕಬ್ಬಿಣದ ಗೇಟು ಇದೆ. ಎರಡು ಕಂಬಗಳ ಮೇಲೆ ಕಲ್ಲಿನ ಕರಡಿಗಳು. 1745ರಲ್ಲಿ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ ಇದರ ಮೂಲಕ ಹೊರಟಾಗ, ಪಟ್ಟ ಕಳೆದುಕೊಂಡಿದ್ದ ಸ್ಟುವರ್ಟ್ ರಾಜವಂಶದವರು ಮತ್ತೆ ಪಟ್ಟಕ್ಕೇರುವ ತನಕ ತೆರೆಯುವುದಿಲ್ಲವೆಂದು ಆಗಿನ ಮನೆಯೊಡೆಯ, ಐದನೆಯ ‘ಅರ್ಲ್’ (ಇದೊಂದು ಶ್ರೀಮಂತ ಪದವಿ) ಅದನ್ನು ಮುಚ್ಚಿಸಿದನೆಂದು ಪ್ರತೀತಿ. ದಾರಿಯ ಮೇಲೆ ಈಗ ಹುಲ್ಲು ಬೆಳೆದಿದೆ, ಬಂದವರು ಪಕ್ಕದ ದಾರಿ ಹಿಡಿಯುತ್ತಾರೆ. ಸ್ಥಳೀಯರ ಬಾಯಲ್ಲಿ ಅದು ‘ಸ್ಟೀಕಿಟ್ ಯೆಟ್ಸ್’, ಅಂದರೆ ಮುಚ್ಚಿದ ಬಾಗಿಲು.

ಕನ್ನಡದಲ್ಲಿ ‘ಆ ಮನೆಯ ಬಾಗಿಲು ಮುಚ್ಚಿತು’ ಎಂದರೆ ವಂಶವೇ ಅಳಿಯಿತೆಂದು ಅರ್ಥ. ನಮ್ಮ ಅಜ್ಜಿ ಸಂಜೆ ಹೊತ್ತಿನಲ್ಲಿ ಆ ಮಾತು ಆಡಲು ಬಿಡುತ್ತಿರಲಿಲ್ಲ. ಕೊನೆಯ ಅರ್ಲ್ 1861ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ, 1875ರಲ್ಲಿ ಅವನ ಅಕ್ಕನೂ ಹೋದಳು, ನಿಜ. ಆದರೆ ಮನೆ ನಂಟರಿಗೆ ಬಂತು. ಅವರು ಸ್ಟುವರ್ಟ್ ಹೆಸರನ್ನೂ ಸೇರಿಸಿಕೊಂಡರು, ಇಂದಿಗೂ ಅಲ್ಲಿ ಒಲೆ ಉರಿಯುತ್ತಿದೆ. ಅಂಥ ಮನೆಗೆ ಈ ಅಪಶಕುನದ ನುಡಿಯನ್ನು ಅಂಟಿಸಲಾರೆ. ‘ತಲೆಬಾಗಿಲು’ ಮನೆಗೇ ಹೊಂದಿಕೊಂಡದ್ದು, ‘ಅಗಸೆ ಬಾಗಿಲು’ ಊರಿನದು. ಸದ್ಯಕ್ಕೆ ‘ತೆರೆಯದ ಕರಡಿಬಾಗಿಲು’ ಎಂದು ಬರೆದಿಟ್ಟಿದ್ದೇನೆ. ಕಾಯುತ್ತಿರುವ ಬಾಗಿಲಿಗೆ ನಿಮ್ಮ ಊರಿನ ಕಡೆ ಬೇರೆ ಮಾತು ಇದೆಯೇ? ದಯವಿಟ್ಟು ತಿಳಿಸಿ.