ರೆಸಿನ್ ಲೇಪಿತ ಮರಳು ಹಾಕಿದರೆ ಜೆಲ್ ಒಡೆಯುತ್ತಿಲ್ಲ. ಬ್ರೇಕರ್ (ಜೆಲ್ ಒಡೆಯುವ ರಾಸಾಯನಿಕ) ಹೆಚ್ಚಿಸಬೇಕೆ?

ಬಾವಿಕಟ್ಟೆ:
ಗ್ಯಾಸ್ ಬಾವಿಯ ಫ್ರ್ಯಾಕ್ ವಿನ್ಯಾಸ (ಒತ್ತಡದ ದ್ರವದಿಂದ ಬಂಡೆ ಬಿರಿಸಿ, ಬಿರುಕಿಗೆ ಮರಳು ತುಂಬುವ ಕೆಲಸ). ಪರ್ಫೊರೇಶನ್ (ಬಾವಿಯ ಹೊರಪೈಪಿನ ತೂತುಗಳು) 2,750 ಮೀಟರಿನಲ್ಲಿ, ತಳದ ಉಷ್ಣತೆ 112 ಡಿಗ್ರಿ ಸೆಲ್ಸಿಯಸ್, ಬಿರುಕು ಮುಚ್ಚಿಕೊಳ್ಳುವ ಒತ್ತಡ 6,200 ಪಿಎಸ್‌ಐ. ಒಟ್ಟು 60 ಟನ್ 20/40 ಮೆಶ್ ಬಿಳಿ ಮರಳು. ಕೊನೆಯ 12 ಟನ್ ಮಾತ್ರ ಬಾವಿಯೊಳಗೆ ಗಟ್ಟಿಯಾಗುವ ರೆಸಿನ್ ಲೇಪದ್ದು, ಘನ ಮೀಟರ್ ದ್ರವಕ್ಕೆ 720 ಕೆಜಿಯಂತೆ. ದ್ರವ ಬೋರೇಟ್ ಕ್ರಾಸ್‌ಲಿಂಕ್ ಮಾಡಿದ (ಸರಪಳಿ ಹೆಣೆದು ಜೆಲ್ ಮಾಡಿದ) ಗ್ವಾರ್, ಅಂದರೆ ಗೋರಿಕಾಯಿ ಬೀಜದ ಅಂಟು, 3.6 ಕೆಜಿ/ಘನ ಮೀಟರ್.

ತೊಂದರೆ ಇದು: 90 ಡಿಗ್ರಿಯ ಬಾಟಲಿ ಪರೀಕ್ಷೆಯಲ್ಲಿ ಬ್ರೇಕರ್ ಆಗಿ ಹಾಕಿದ 0.12 ಕೆಜಿ/ಘನ ಮೀಟರ್ ಅಮೋನಿಯಂ ಪರ್ಸಲ್ಫೇಟ್‌ಗೆ ಬರೀ ಮರಳಿನ ಜೆಲ್ ಎರಡು ಗಂಟೆಯೊಳಗೆ ನೀರಾಗುತ್ತದೆ. ಲೇಪಿತ ಮರಳು ಹಾಕಿದ ಬಾಟಲಿ ಆರು ಗಂಟೆಯಾದರೂ ಲೋಳೆಲೋಳೆ. ಬ್ರೇಕರ್ ದುಪ್ಪಟ್ಟು ಮಾಡಿದರೆ ಸಾಕೆ? ಪಂಪಿಂಗ್ ಮುಗಿದ ಮೇಲೆ ಎಷ್ಟು ಹೊತ್ತು ಬಾವಿ ಮುಚ್ಚಿಡಬೇಕು?

ಗೋರಿಕಾಯಿ:
ದುಪ್ಪಟ್ಟು ಬೇಡ, ಕಚ್ಚಾ (ಪೊರೆ ಹೊದಿಸದ) ಪರ್ಸಲ್ಫೇಟನ್ನಂತೂ ಮುಟ್ಟಲೇಬೇಡಿ.

ನಿಮ್ಮ ಲೇಪ ಬಹುತೇಕ ನೊವೊಲಾಕ್, ಅಂದರೆ ಫೀನಾಲ್-ಫಾರ್ಮಾಲ್ಡಿಹೈಡ್ ರೆಸಿನ್. ಕಾದ ಮರಳಿನ ಮೇಲೆ ಅದನ್ನು ಕರಗಿಸಿ ಹತ್ತಿಸಿ, ಹೆಕ್ಸಮಿನ್ ಬೆರೆತ ನೀರು ಸುರಿದು ತಟ್ಟನೆ ತಣಿಸುತ್ತಾರೆ. ಪ್ರತಿಕ್ರಿಯೆ ನಡುದಾರಿಯಲ್ಲಿ ನಿಂತಿರುತ್ತದೆ, ಉಳಿದದ್ದು ಬಾವಿಯ ಬಿಸಿಗೆ ಆಗಬೇಕು. ಹೀಗೆ ಅರೆಬೆಂದ ಲೇಪದಿಂದ ಬಿಡಿ ಫೀನಾಲ್ ಅಂಶ ದ್ರವಕ್ಕೆ ಸೋರುತ್ತದೆ. ಪರ್ಸಲ್ಫೇಟ್ ಕೆಲಸ ಮಾಡುವುದು ತಟ್ಟನೆ ಪ್ರತಿಕ್ರಿಯಿಸುವ ತುಣುಕುಗಳಾದ ರ್‍ಯಾಡಿಕಲ್‌ಗಳ ಮೂಲಕ, ಫೀನಾಲ್ ಜಾತಿಯವು ರ್‍ಯಾಡಿಕಲ್‌ಗಳನ್ನು ನುಂಗುವುದರಲ್ಲಿ ನಿಸ್ಸೀಮ. ಗ್ವಾರ್ ಸರಪಳಿಯನ್ನು ಕತ್ತರಿಸಬೇಕಾದ ಬ್ರೇಕರ್ ರೆಸಿನ್ನಿನ ಮೇಲೆ ಖರ್ಚಾಗಿಹೋಗುತ್ತಿದೆ. ನಷ್ಟ ಎರಡೂ ಕಡೆ: ಜೆಲ್ ಉಳಿಯುತ್ತದೆ, ಲೇಪದ ಅಂಟುಶಕ್ತಿಯೂ ಕುಗ್ಗುತ್ತದೆ.

ಇನ್ನೊಂದು, ಪಿಎಚ್ ಅಳೆದಿದ್ದೀರಾ? ಬೋರೇಟ್ ಹಿಡಿತ ಪಿಎಚ್ 9ರ ಮೇಲೆ ನಿಂತಿದೆ. ರೆಸಿನ್ ಅದನ್ನು ಕೆಳಗೆಳೆಯುವುದುಂಟು, ಹೆಕ್ಸಮಿನ್ ಮೇಲೆತ್ತುವುದೂ ಉಂಟು, ಲಾಟಿನಿಂದ ಲಾಟಿಗೆ ಬೇರೆ. ಅರ್ಧ ಗಂಟೆ ಕಲಕಿ, ಮೊದಲೂ ಆಮೇಲೂ ಅಳೆಯಿರಿ. ಬಾಟಲಿಗೆ ಒಂದು ಚಮಚ ಮರಳು ಹಾಕಿದರೆ ಏನೂ ಗೊತ್ತಾಗುವುದಿಲ್ಲ. 250 ಮಿಲಿ ಜೆಲ್‌ಗೆ 180 ಗ್ರಾಂ ಹಾಕಬೇಕು, ಆಗಲೇ ನಿಮ್ಮ 720ರ ಪ್ರಮಾಣ. ಕೆಲಸಕ್ಕೆ ಬರುವ ಲಾಟೇ ಆಗಿರಲಿ, ಸ್ಥಳದ ನೀರೇ ಆಗಿರಲಿ.

ಕಚ್ಚಾ ಪರ್ಸಲ್ಫೇಟ್ ಏಕೆ ಬೇಡ ಎಂದರೆ, 93 ಡಿಗ್ರಿ ದಾಟಿದ ಮೇಲೆ ಅದಕ್ಕೆ ತಾಳ್ಮೆಯಿಲ್ಲ. ಪಂಪಿಂಗ್ ಮುಗಿಯುವ ಮೊದಲೇ ಜೆಲ್ ತೆಳುವಾದರೆ ಮರಳು ಬಿರುಕಿನ ಬಾಯಲ್ಲೇ ಕೂತು ದಾರಿ ಕಟ್ಟುತ್ತದೆ, ಅದೇ ಸ್ಕ್ರೀನ್‌ಔಟ್. ಇಲ್ಲಿ ಬೇಕಾದದ್ದು ಎರಡನೆಯ ಲೇಪಿತ ಕಣ: ಪಾಲಿಮರ್ ಪೊರೆ ಹೊದಿಸಿದ ಪರ್ಸಲ್ಫೇಟ್. ಪೊರೆಯೊಳಗೆ ನೀರು ನಿಧಾನಕ್ಕೆ ಇಳಿದು ಸ್ವಲ್ಪ ಹೊರಬರುತ್ತದೆ, ಬಿರುಕು ಮುಚ್ಚಿಕೊಂಡಾಗ ಕಾಳುಗಳ ನಡುವೆ ಸಿಕ್ಕಿ ಒಡೆದು ಉಳಿದದ್ದು ಬರುತ್ತದೆ. ಇದರ ದೊಡ್ಡ ಲಾಭವನ್ನು ಯಾರೂ ಹೇಳುವುದಿಲ್ಲ. ಕರಗಿದ ಬ್ರೇಕರ್ ನೀರಿನ ಜೊತೆ ಬಂಡೆಯೊಳಗೆ ಸೋರಿಹೋಗುತ್ತದೆ, ಗ್ವಾರ್ ಮಾತ್ರ ಬಿರುಕಿನಲ್ಲೇ ಉಳಿದು ದಟ್ಟವಾಗುತ್ತದೆ. ಪೊರೆಯ ಕಣ ಮರಳಿನ ಜೊತೆಗೇ, ಜೆಲ್ ಇರುವಲ್ಲೇ ನಿಲ್ಲುತ್ತದೆ.

ಲೆಕ್ಕ: ಲೇಪಿತ 12 ಟನ್ನಿಗೆ ತಗಲುವ ದ್ರವ 12,000/720, ಸುಮಾರು 17 ಘನ ಮೀಟರ್ ಅಷ್ಟೆ. ಬ್ರೇಕರ್ ಬದಲಾವಣೆ ಅಲ್ಲಿಗೆ ಮಾತ್ರ. ಘನ ಮೀಟರಿಗೆ 0.6ರಿಂದ 1.2 ಕೆಜಿ ನಡುವೆ ಮೂರ್ನಾಲ್ಕು ಬಾಟಲಿ ಇಟ್ಟು ನೋಡಿ. ಲೇಬಲ್ಲಿನಲ್ಲಿ ಪೊರೆಯ ತೂಕ ಕಳೆದು ಸಕ್ರಿಯ ಅಂಶ ಎಷ್ಟಿದೆಯೋ ಅದರ ಮೇಲೆ ಲೆಕ್ಕ ಹಾಕಿ. ಆದರೆ ಬಾಟಲಿ ಪರೀಕ್ಷೆ ಇಲ್ಲಿ ಮೋಸ ಮಾಡುತ್ತದೆ: ಹಿಂಡುವ ಒತ್ತಡವಿಲ್ಲದ್ದರಿಂದ ಪೊರೆಯ ಬ್ರೇಕರ್ ಸೋಮಾರಿಯಂತೆ ಕಾಣುತ್ತದೆ. ಅದೇ ಮಿಕ್ಸರಿನ ಅಲಗಿಗೆ ಸಿಕ್ಕಿ ಪೊರೆ ಹರಿದರೆ ವಿಪರೀತ ಚುರುಕು. ಅದನ್ನು ಕೊನೆಗೆ ಹಾಕಿ, ಕೋಲಿನಿಂದ ಕಲಕಿ.

ಬ್ಲೆಂಡರ್ ಬದಿ:
ಮುಚ್ಚಿಡುವ ಹೊತ್ತಿನ ಬಗ್ಗೆ: 24 ಗಂಟೆ ಇಟ್ಟುಬಿಡಿ. ತಳದಲ್ಲಿ 112 ಡಿಗ್ರಿ ಇದೆ ನಿಜ, ಆದರೆ ಅದು ಬಂಡೆಯ ಉಷ್ಣತೆ. ತಣ್ಣನೆಯ ದ್ರವ ಹರಿದು ಪರ್ಫೊರೇಶನ್ ಸುತ್ತಲಿನ ಜಾಗವೇ ಎಲ್ಲಕ್ಕಿಂತ ತಂಪಾಗಿರುತ್ತದೆ, ಲೇಪಿತ ಮರಳು ಕೂತಿರುವುದೂ ಅಲ್ಲೇ. ಬಿಸಿ ಮರಳಿ ಏರುವವರೆಗೆ ಕಾಯಬೇಕು. ಅವಸರಕ್ಕೆ ತೆರೆದರೆ ಮರಳು ವಾಪಸು ಬಂದು ಚೋಕ್ (ಹರಿವು ಮಿತಗೊಳಿಸುವ ಕಿರುದ್ವಾರ) ಕೊರೆದು, ಗ್ಯಾಸ್ ಮತ್ತು ನೀರು ಬೇರ್ಪಡಿಸುವ ಸೆಪರೇಟರ್ ತುಂಬಿಸುತ್ತದೆ.

ಫ್ಲಶ್ (ಕೊನೆಯ ಮರಳನ್ನು ಬಿರುಕಿಗೆ ತಳ್ಳುವ ಬರೀ ದ್ರವ) ವಿಷಯದಲ್ಲಿ ಕೈ ಬಿಗಿ ಇರಲಿ. 3½ ಇಂಚಿನ 9.3 ಪೌಂಡ್ ಟ್ಯೂಬಿಂಗ್ (ಒಳಪೈಪು) ಮೀಟರಿಗೆ 4.54 ಲೀಟರ್. ಅದರ ತುದಿ 2,710 ಮೀಟರಿನಲ್ಲಿದ್ದರೆ 12.3 ಘನ ಮೀಟರ್. ಅಲ್ಲಿಂದ ಪರ್ಫೊರೇಶನ್‌ವರೆಗೆ 7 ಇಂಚಿನ 29 ಪೌಂಡ್ ಕೇಸಿಂಗ್ (ಹೊರಪೈಪು) 40 ಮೀಟರ್, ಮೀಟರಿಗೆ 19.4 ಲೀಟರಿನಂತೆ 0.78. ಒಟ್ಟು 13.08. ಇದಕ್ಕಿಂತ 0.3 ಕಡಿಮೆಗೆ ನಿಲ್ಲಿಸಿ. ಸ್ಲರಿಯ (ಮರಳು ಬೆರೆತ ದ್ರವದ) ಸಾಂದ್ರತೆ ಅಳೆಯುವ ಡೆನ್ಸಿಟಿ ಮೀಟರಿನಿಂದ ಬಾವಿಯ ತಲೆಯವರೆಗಿನ ಪೈಪಿನ ಗಾತ್ರ ಸೇರಿಸಲು ಮರೆಯುವವರೇ ಹೆಚ್ಚು. ಹೆಚ್ಚು ತಳ್ಳಿದರೆ ಬಿರುಕಿನ ಬಾಯಿಯ ಬಳಿ ಮರಳಿಲ್ಲದೆ ಬಿರುಕು ಕಚ್ಚಿಕೊಳ್ಳುತ್ತದೆ. ಕಡಿಮೆ ತಳ್ಳಿದರೆ ಉಳಿದ 0.3 ಘನ ಮೀಟರ್ ಸ್ಲರಿಯಲ್ಲಿ ಸುಮಾರು 170 ಕೆಜಿ ಮರಳು, ಕೇಸಿಂಗಿನಲ್ಲಿ ಕೂತರೆ 6 ಮೀಟರ್ ಎತ್ತರ. ಬರೀ ಮರಳಾದರೆ ತೊಳೆದು ತೆಗೆಯಬಹುದು. ಲೇಪದ್ದು ಅಲ್ಲೇ ಗಟ್ಟಿಯಾದರೆ ಕಾಯಿಲ್ ಟ್ಯೂಬಿಂಗಿನಲ್ಲಿ (ಸುರುಳಿ ಸುತ್ತಿದ ಉದ್ದ ಪೈಪಿನಲ್ಲಿ) ಮಿಲ್ ಇಳಿಸಿ ಕೊರೆಯಬೇಕು. ಪರ್ಫೊರೇಶನ್ ಕೆಳಗೆ ಅಷ್ಟು ಹೊಂಡ ಇದೆಯೇ ನೋಡಿಕೊಳ್ಳಿ. ಲೇಪಿತ ಹಂತದಲ್ಲಿ ಸ್ಕ್ರೀನ್‌ಔಟ್ ಆದರೆ ಸಭೆ ಕರೆಯುತ್ತ ಕೂರುವಂತಿಲ್ಲ, ಬಿಸಿ ಏರುವ ಮೊದಲೇ ಸ್ವಚ್ಛ ಮಾಡಬೇಕು.

ಕುಸುರೆಳ್ಳು:
24 ಗಂಟೆ ಎಂದು ಕಣ್ಣು ಮುಚ್ಚಿ ಹೇಳುವುದನ್ನು ಒಪ್ಪಲಾರೆ. ಕಾಳು ಕಾಳಿಗೆ ಅಂಟಲು ಬಿಸಿ, ಹೊತ್ತು, ತಾಗುವಿಕೆ ಮೂರೂ ಬೇಕು. ಬಿಗಿ ಬಂಡೆಯಲ್ಲಿ ದ್ರವ ಸೋರುವುದೇ ನಿಧಾನ, ಬಿರುಕು ಮುಚ್ಚಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಜೆಲ್‌ನಲ್ಲಿ ತೇಲುತ್ತಿರುವ ಕಾಳುಗಳ ಲೇಪ ಬೆಂದುಬಿಟ್ಟರೆ ಒಂದಕ್ಕೊಂದು ಅಂಟುವುದಿಲ್ಲ. ಬೇಕಾಗಿದ್ದದ್ದು ಮಂಡಕ್ಕಿ ಉಂಡೆ, ಸಿಕ್ಕಿದ್ದು ಕುಸುರೆಳ್ಳು: ಪ್ರತಿ ಕಾಳಿಗೂ ಚಂದದ ಹೊದಿಕೆ, ಎಲ್ಲವೂ ಬಿಡಿಬಿಡಿ. ಮೊದಲು ಸಣ್ಣ ಪರೀಕ್ಷಾ ಫ್ರ್ಯಾಕ್‌ನಲ್ಲಿ ಬಿರುಕು ಮುಚ್ಚುವ ಹೊತ್ತನ್ನು ಅಳೆಯಿರಿ. ಅದು ಬಹಳ ಉದ್ದವಾದರೆ ಪಂಪ್ ನಿಂತ ಕೂಡಲೇ 8/64 ಇಂಚಿನಂಥ ಕಿರಿದಾದ ಚೋಕ್‌ನಲ್ಲಿ ಒತ್ತಡ ಇಳಿಸಿ, ಬಿರುಕು ಮುಚ್ಚಿಸಿ, ಆಮೇಲೆ ಬಾವಿ ಮುಚ್ಚಿ ಕಾಯಬೇಕು. ಪ್ರಯೋಗಾಲಯದಲ್ಲೂ ನಿಮ್ಮ ದ್ರವ, ನಿಮ್ಮ ಬ್ರೇಕರ್ ಜೊತೆಗೇ 1,000 ಪಿಎಸ್‌ಐ ಒತ್ತಿ, ಉಷ್ಣತೆ ಏರುವ ಕ್ರಮದಲ್ಲೇ ಬೇಯಿಸಿ, ಆ ಗಟ್ಟಿಯ ಬಲ ಅಳೆಯಬೇಕು. ಬರೀ ನೀರಿನಲ್ಲಿ ಬೇಯಿಸಿದ ಅಂಕಿ ಬಾವಿಗೆ ಒದಗುವುದಿಲ್ಲ.

ಉಂಡೆಯ ಹೋಲಿಕೆ ಇನ್ನೂ ಸ್ವಲ್ಪ ದೂರ ನಡೆಯುತ್ತದೆ. ಬೆಲ್ಲದ ಪಾಕ ಕಾಳು ತಾಗುವ ಜಾಗದಲ್ಲಷ್ಟೇ ಇದ್ದರೆ ನಡುವೆ ಗಾಳಿ ಆಡುತ್ತದೆ, ಹೆಚ್ಚಾದರೆ ಚಿಕ್ಕಿ. ಹಾಗಾಗಿಯೇ ಲೇಪ ತೂಕದಲ್ಲಿ ಸಾಮಾನ್ಯವಾಗಿ 2ರಿಂದ 4 ಶೇಕಡ.

ಇನ್ನೊಂದು ಮಾತು, ಉಳಿದ 48 ಟನ್ ಬಗ್ಗೆ. 6,200 ಪಿಎಸ್‌ಐ ಇಡಿಯಾಗಿ ಕಾಳಿನ ಮೇಲೆ ಬೀಳುವುದಿಲ್ಲ, ತಳದ ಹರಿವಿನ ಒತ್ತಡ ಕಳೆಯಬೇಕು. ಅದು 1,000ಕ್ಕೆ ಇಳಿದ ದಿನ ಕಾಳಿಗೆ 5,200. ಒಳ್ಳೆಯ 20/40 ಬಿಳಿ ಮರಳು 6,000ದವರೆಗೆ ತಾಳುತ್ತದೆ, ಅಂದರೆ ಅಂಚಿನಲ್ಲಿದ್ದೀರಿ. ಲೇಪಿತ ಮರಳಿನ ಕ್ರಷ್ ಅಂಕಿಗೆ ಮಾತ್ರ ಮರುಳಾಗಬೇಡಿ. ಆ ಪರೀಕ್ಷೆ ಶೇಕಡ 10 ಪುಡಿ ಉದುರುವ ಒತ್ತಡವನ್ನು ಹೇಳುತ್ತದೆ. ಲೇಪದೊಳಗೆ ಕಾಳು ಸೀಳಿದ್ದರೂ ಪುಡಿ ಹೊರಗೆ ಬರದಿದ್ದರೆ ಲೆಕ್ಕಕ್ಕೆ ಸೇರುವುದಿಲ್ಲ. ಪುಡಿ ಹಿಡಿದಿಡುವುದು ಲೇಪದ ಗುಣವೇ, ಆದರೆ ಬಿರುಕಿನ ಅಗಲ ಕುಗ್ಗುವುದನ್ನು ಅದು ತಡೆಯದು. ಕೊಳ್ಳುವ ಮುನ್ನ 50 ಗಂಟೆಗಳ ವಾಹಕತೆ ಪರೀಕ್ಷೆಯ (ಒತ್ತಿದ ಮರಳಿನ ಮೂಲಕ ದ್ರವ ಎಷ್ಟು ಸರಾಗ ಹರಿಯುತ್ತದೆ ಎಂಬುದರ) ವರದಿ ಕೇಳಿ. ಬಾವಿಯನ್ನು ಪದೇ ಪದೇ ಮುಚ್ಚಿ ತೆರೆಯುವ ಯೋಚನೆಯಿದ್ದರೆ, ಒಮ್ಮೆ ಮುರಿದ ಬೆಸುಗೆ ಮತ್ತೆ ಕೂಡುವುದಿಲ್ಲ ಎಂಬುದೂ ನೆನಪಿರಲಿ.

ದಾಸ್ತಾನು: ಬಾಡಮೇರ್ ಕಡೆ ಮೇ ತಿಂಗಳಲ್ಲಿ ನೆರಳಿನಲ್ಲೇ 45 ಡಿಗ್ರಿ, ಬಿಸಿಲಿಗೆ ಕಾದ ಸೈಲೋದ ತಗಡಿನ ಮಾತು ಕೇಳುವುದೇ ಬೇಡ. ಲೇಪ ಮೆತ್ತಗಾಗಿ ಗಂಟು ಕಟ್ಟುತ್ತದೆ. 16 ಮೆಶ್ ಜರಡಿಯ ಮೇಲೆ ಶೇಕಡ 0.1ಕ್ಕಿಂತ ಹೆಚ್ಚು ಉಳಿದರೆ ಆ ಲಾಟು ಬೇಡ. ಗಾಳಿಯಿಂದ ಊದಿ ತುಂಬಿಸುವಾಗ ಲೇಪ ಸವೆದು ಪುಡಿಯಾಗುತ್ತದೆ, ಆ ಪುಡಿಯೇ ಜೆಲ್ ಕೆಡಿಸುವ ಅಂಶವನ್ನು ಇನ್ನೂ ಬೇಗ ಬಿಡುತ್ತದೆ. ಮಾದರಿಯನ್ನು ಚೀಲದಿಂದಲ್ಲ, ಬ್ಲೆಂಡರಿನ (ಮರಳು ಮತ್ತು ದ್ರವ ಬೆರೆಸುವ ಯಂತ್ರದ) ಬಾಯಿಂದ ತೆಗೆಯಿರಿ. ಮುಖವಾಡ ಬಿಡಬೇಡಿ, ಲೇಪ ಇದ್ದ ಮಾತ್ರಕ್ಕೆ ಸಿಲಿಕಾ ಧೂಳು ಮಾಯವಾಗಿರುವುದಿಲ್ಲ. ಅಮೆರಿಕದ ಮಿತಿ 8 ಗಂಟೆಯ ಸರಾಸರಿಗೆ ಘನ ಮೀಟರಿಗೆ 50 ಮೈಕ್ರೊಗ್ರಾಂ.

ಬಾವಿಕಟ್ಟೆ:
ಪರೀಕ್ಷಾ ಫ್ರ್ಯಾಕ್ ಯೋಜನೆಯಲ್ಲಿದೆ, ಬಿರುಕು ಮುಚ್ಚುವ ಹೊತ್ತು ಅದರಿಂದ ಸಿಗುತ್ತದೆ. ಒಂದೇ ಅನುಮಾನ: ಲೇಪಿತ ಹಂತಕ್ಕೆ ಹೋದಾಗ ಡೆನ್ಸಿಟಿ ಮೀಟರಿನಲ್ಲಿ ಏನಾದರೂ ಬದಲಿಸಬೇಕೆ?

ಬ್ಲೆಂಡರ್ ಬದಿ:
ಬದಲಿಸಲೇಬೇಕು. ಬರೀ ಮರಳಿನ ಸಾಂದ್ರತೆ ನೀರಿನ 2.65 ಪಟ್ಟು, ಲೇಪದ್ದು 2.55 ಆಸುಪಾಸು (ನಿಮ್ಮ ಲಾಟಿನದ್ದು ಅಳೆಯಿರಿ). 720 ಕೆಜಿ ಲೇಪಿತ ಮರಳಿನ ಸ್ಲರಿ ಸಾಂದ್ರತೆ ಘನ ಮೀಟರಿಗೆ 1,341 ಕೆಜಿ. ಮೀಟರಿನಲ್ಲಿ 2.65 ಹಾಗೇ ಬಿಟ್ಟಿದ್ದರೆ ಅದು 691 ಎಂದು ತೋರಿಸುತ್ತದೆ. ಕಡಿಮೆಯಾಯಿತೆಂದು ಆಪರೇಟರ್ ಮರಳು ಸುರಿಯುವ ಸ್ಕ್ರೂ ಜೋರಾಗಿ ಓಡಿಸಿ 720 ಓದುವಂತೆ ಮಾಡಿದರೆ ನಿಜಕ್ಕೂ ಹೋಗುತ್ತಿರುವುದು 750. ಅದೂ ಕೊನೆಯ, ಎಲ್ಲಕ್ಕಿಂತ ದಟ್ಟ ಹಂತದಲ್ಲಿ, ಜೆಲ್ ಮೇಲೆ ಮೊದಲೇ ಅನುಮಾನವಿರುವಾಗ. ಸ್ಕ್ರೂ ಲೆಕ್ಕವೂ ಬೇರೆಯೇ: ಲೇಪಿತ ಮರಳಿನ ರಾಶಿ ಸಾಂದ್ರತೆ ಕಡಿಮೆ, ಸ್ಕ್ರೂವಿನ ಪ್ರತಿ ಸುತ್ತಿಗೆ ಬೀಳುವ ಕೆಜಿ ಕಡಿಮೆ. ಹಿಂದಿನ ದಿನವೇ ಒಂದು ಡಬ್ಬಿ ತುಂಬಿ ತೂಗಿ, ಪ್ರತಿ ಸುತ್ತಿಗೆ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ದ್ರವದಲ್ಲಿ ಶೇಕಡ 2 ಪೊಟ್ಯಾಸಿಯಂ ಕ್ಲೋರೈಡ್ ಇದ್ದರೆ ಮೂಲ ಸಾಂದ್ರತೆ 1,000 ಅಲ್ಲ, 1,010 ಹಾಕಿ.