ಓಪನ್‌ಅಥೆನ್ಸ್ ಒಂದು, ಯೂನಿವರ್ಸಿಟಿ ಲಾಗಿನ್ ಇನ್ನೊಂದು: ಯಾಕೀ ಗೋಳು?

ನೈಟ್‌ಡ್ಯೂಟಿ:
ಇಂಗ್ಲೆಂಡಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ, ಜೊತೆಗೆ ಯೂನಿವರ್ಸಿಟಿಯಲ್ಲಿ ಪಾರ್ಟ್‌ಟೈಮ್ ಕೋರ್ಸ್. ಜರ್ನಲ್ ಓದಲು ಆಸ್ಪತ್ರೆ ಕಡೆಯಿಂದ ಓಪನ್‌ಅಥೆನ್ಸ್ ಖಾತೆ ಇದೆ, ಯೂನಿವರ್ಸಿಟಿಗೆ ಬೇರೆ ಲಾಗಿನ್. ಒಂದರಲ್ಲಿ ತೆರೆಯುವ ಲೇಖನ ಇನ್ನೊಂದರಲ್ಲಿ ತೆರೆಯಲ್ಲ. ಒಂದೇ ಲಾಗಿನ್ ಕೊಡೋಕೆ ಏನು ಕಷ್ಟ?

ಲೈಬ್ರರಿಹುಳ:
ತಮಾಷೆ ಏನಂದ್ರೆ, ಒಂದೇ ಲಾಗಿನ್ ಸಾಕಾಗಲಿ ಅಂತಾನೇ ಅಥೆನ್ಸ್ (ಓಪನ್‌ಅಥೆನ್ಸ್‌ನ ಹಳೆಯ ಹೆಸರು) ಹುಟ್ಟಿದ್ದು. ಅದಕ್ಕೂ ಮುಂಚೆ ಒಂದೊಂದು ಡೇಟಾಬೇಸ್‌ಗೂ ಒಂದೊಂದು ಪಾಸ್‌ವರ್ಡ್, ಇಲ್ಲವೇ ಐಪಿ ವಿಳಾಸ ನೋಡಿ ಒಳಗೆ ಬಿಡುತ್ತಿದ್ದರು, ಅಂದರೆ ಕ್ಯಾಂಪಸ್ ಕಂಪ್ಯೂಟರ್ ಮುಂದೆ ಕೂತರೆ ಮಾತ್ರ. 90ರ ದಶಕದಲ್ಲಿ ಬಾತ್ ಯೂನಿವರ್ಸಿಟಿಯ ತಂಡವೊಂದು ಖಾತೆಗಳನ್ನೆಲ್ಲ ಒಂದೇ ಕಡೆ ಇಟ್ಟು ನೋಡಿಕೊಳ್ಳುವ ಅಥೆನ್ಸ್ ಮಾಡಿತು. ಮುಂದೆ ಅದನ್ನು ನಡೆಸಿದ್ದು ಎಜುಸರ್ವ್ ಅನ್ನುವ ಲಾಭರಹಿತ ಸಂಸ್ಥೆ. ಎನ್‌ಎಚ್‌ಎಸ್ ಕೂಡ ಅದನ್ನೇ ಹಿಡಿಯಿತು.

ಆಮೇಲೆ ಅಮೆರಿಕದಿಂದ ಶಿಬ್ಬೊಲೆತ್ ಅನ್ನುವ ಇನ್ನೊಂದು ಲಾಗಿನ್ ವ್ಯವಸ್ಥೆ ಬಂತು. ಇದರಲ್ಲಿ ಪ್ರಕಾಶಕರ ಸೈಟು ನಿಮ್ಮನ್ನು ನಿಮ್ಮ ಕಾಲೇಜಿನ ಲಾಗಿನ್ ಪುಟಕ್ಕೇ ಕಳಿಸುತ್ತದೆ, ಕಾಲೇಜು 'ಹೌದು, ನಮ್ಮವರೇ' ಅಂದರೆ ಸಾಕು, ಪಾಸ್‌ವರ್ಡ್ ಆಚೆ ಹೋಗಲ್ಲ. (ಹೆಸರು ಬೈಬಲ್ಲಿನದು. ಆ ಪದವನ್ನು ಸರಿಯಾಗಿ ಹೇಳದವನು ಶತ್ರು ಅಂತ ನದಿ ದಾಟುವಲ್ಲಿ ಸಿಕ್ಕಿಬೀಳುತ್ತಿದ್ದ, ನಮ್ಮಲ್ಲಿ 'ಹಾಲು' ಅನ್ನೋಕೆ 'ಆಲು' ಅಂದು ಸಿಕ್ಕಿಬಿದ್ದ ಹಾಗೆ!) 2006ರಲ್ಲಿ ಬ್ರಿಟನ್ನಿನ ಶಿಕ್ಷಣ ಸಂಸ್ಥೆಗಳು ಇದೇ ದಾರಿಯ ಒಕ್ಕೂಟ ಕಟ್ಟಿಕೊಂಡವು, 2008ರಲ್ಲಿ ಜಿಸ್ಕ್ (ಅಲ್ಲಿನ ಯೂನಿವರ್ಸಿಟಿಗಳ ಡಿಜಿಟಲ್ ಸೇವೆ ನೋಡಿಕೊಳ್ಳುವ ಸಂಸ್ಥೆ) ಅಥೆನ್ಸ್‌ಗೆ ಹಣ ಕೊಡುವುದನ್ನು ನಿಲ್ಲಿಸಿತು. ಆದರೆ ಎನ್‌ಎಚ್‌ಎಸ್ ಅಥೆನ್ಸ್‌ನಲ್ಲೇ ಉಳಿಯಿತು. ನನ್ನ ಪ್ರಕಾರ ಅದೇ ಸರಿ. ಕಾಲೇಜಿಗಾದರೆ ವಿದ್ಯಾರ್ಥಿಗಳ ಒಂದು ಪಟ್ಟಿ ಇರುತ್ತದೆ, ಆಸ್ಪತ್ರೆಗಳದ್ದು ನೂರಾರು ಟ್ರಸ್ಟ್ (ಅವನ್ನು ನಡೆಸುವ ಸ್ಥಳೀಯ ಸಂಸ್ಥೆಗಳು), ನೂರಾರು ಪಟ್ಟಿ, ಇಂದು ಇಲ್ಲಿದ್ದವರು ನಾಳೆ ಇನ್ನೊಂದು ಊರಿನಲ್ಲಿ.

ಕಾಫಿಪುಡಿ:
ಒಂದು ಮಾತು ಬಿಟ್ಟಿರಿ. ಅಥೆನ್ಸ್‌ಗೆ ಹಣ ನಿಲ್ಲಿಸಿದ ಅದೇ ಜಿಸ್ಕ್ ಜೊತೆ 2019ರಲ್ಲಿ ಎಜುಸರ್ವ್ ವಿಲೀನವಾಯಿತು. ಬೇಡ ಅಂದ ಕೂಸು ಕೊನೆಗೆ ಮನೆಗೇ ಬಂತು :)

ಹಾಗೇ, ಲೇಖನ ತೆರೆಯದಿರುವುದಕ್ಕೆ ಲಾಗಿನ್ನನ್ನೇ ಬೈಯಬೇಡಿ. ಲಾಗಿನ್ ನೀವು ಯಾರ ಕಡೆಯವರು ಅಂತ ಹೇಳುತ್ತದೆ, ಅಷ್ಟೇ. ಚಂದಾ ಕಟ್ಟಿದವರು ಬೇರೆ ಬೇರೆ. ಒಂದೇ ಲಾಗಿನ್ ಮಾಡಿದರೂ ಎರಡು ಚಂದಾ ಒಂದಾಗಲ್ಲ.

ನೈಟ್‌ಡ್ಯೂಟಿ:
ಓ, ಹಾಗಾ! ನಾನು ಸುಮ್ನೆ ಮೂರು ಸಲ ಪಾಸ್‌ವರ್ಡ್ ಬದಲಾಯಿಸಿದೆ.